ಕೊಡದೇ ಕೊಟ್ಟ ಕಾಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಸೀದಾ ಬರಹಗಾರನ ಮೇಜಿನ ಮುಂದೆ ನಿಂತು, "ನಮ್ಮೆಜಮಾನ್ರ ಕಾಲು ಕಳವಾಗಿದೆ, ಬರ್ಕೊಳ್ಳಿ" ಅಂದಳು.

ಬರಹಗಾರ ತಲೆ ಎತ್ತಿದ. "ಯಾವ ಕಾಲಮ್ಮಾ? ಮಂಚದ ಕಾಲಾ, ಕುರ್ಚಿ ಕಾಲಾ?"

"ಮನುಷ್ಯನ ಕಾಲು ಕಣ್ರೀ. ಎಡಗಾಲು. ಮಂಚದ ಕಾಲಾಗಿದ್ರೆ ಬಡಗಿ ಹತ್ರ ಹೋಗ್ತಿದ್ದೆ, ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ಠಾಣೆಗೆ ಠಾಣೆಯೇ ನಕ್ಕಿತು. ಕೋವಿ ಒರೆಸುತ್ತಿದ್ದ ಪೇದೆಯೂ ನಕ್ಕ, ಯಾವುದೋ ಜಗಳದಲ್ಲಿ ಮೂಗು ಒಡೆಸಿಕೊಂಡು ಬೆಂಚಿನ ಮೇಲೆ ಕೂತಿದ್ದವನೂ ನಕ್ಕ. ನಗದೇ ಇದ್ದವನು ಒಳಕೋಣೆಯ ಇನ್‌ಸ್ಪೆಕ್ಟರ್ ಒಬ್ಬನೇ. ಅವನ ಬೆನ್ನ ಹಿಂದೆ ಸಿಬ್ಬಂದಿ ಅವನನ್ನು ಅನುಮಾನಪ್ಪ ಅನ್ನುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಹಾಲು ತಂದುಕೊಟ್ಟರೆ ತಂದವನನ್ನು ಒಂದು ಸಲ, ಹಾಲನ್ನು ಇನ್ನೊಂದು ಸಲ ಅನುಮಾನದಿಂದ ನೋಡುವ ಆಸಾಮಿ ಅವನು. ಹೆಂಗಸನ್ನು ಒಳಗೆ ಕಳಿಸಲು ಹೇಳಿದ. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಬಂದು ಬಾಗಿಲ ಬಳಿ ನಿಂತಳು. ಇಪ್ಪತ್ತು ವರ್ಷ ಸರ್ವಿಸ್ ಮಾಡಿದ, ಮಾತಿಗಿಂತ ಮುಖ ನೋಡಿಯೇ ಅರ್ಧ ವಿಷಯ ಹಿಡಿಯುವ ಹೆಂಗಸು ಆಕೆ.

"ಹೇಳಮ್ಮ. ಮೊದಲಿಂದ ಹೇಳು."

ಅವಳು ಹೇಳಿದ್ದು ಇಷ್ಟು. ಗಂಡ ನೀರು ಸರಬರಾಜು ಮಂಡಳಿಯಲ್ಲಿ ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವವನು. ಹೋದ ವರ್ಷ ರಸ್ತೆ ಅಗೆದ ಕಡೆ ಲಾರಿಯೊಂದು ಹಿಂದಕ್ಕೆ ಬಂದು ಎಡಗಾಲು ಜಜ್ಜಿತು. ಮಂಡಿಯ ಕೆಳಗೆ ತೆಗೆದರು. ಸರ್ಕಾರದ ಯೋಜನೆಯಲ್ಲಿ ಕೃತಕ ಕಾಲು ಪುಕ್ಕಟೆ ಸಿಗುತ್ತದೆ ಎಂದು ಗೊತ್ತಾಗಿ, ಗುತ್ತಿಗೆ ಪಡೆದ ಕಾರ್ಖಾನೆಗೆ ಹೋದರು. ಅಲ್ಲಿ ಗಾರೆ ಮೆತ್ತಿ ಅಚ್ಚು ತೆಗೆದರು, ಮೆಷಿನ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು, "ನಿಮ್ಮ ಸರದಿ ಬಂದಾಗ ಫೋನ್ ಮಾಡ್ತೀವಿ" ಅಂದರು. ಫೋನು ಬರಲಿಲ್ಲ. ಹೋದ ವಾರ ಆರೋಗ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿದರೆ, ಅಲ್ಲಿನ ಗುಮಾಸ್ತ ಕಂಪ್ಯೂಟರ್ ನೋಡಿ, "ಕಾಲು ಕೊಟ್ಟಾಗಿದೆಯಲ್ಲಮ್ಮ, ಇನ್ನು ಐದು ವರ್ಷ ಬಿಟ್ಟು ಬಾ" ಅಂದ.

"ಕೊಟ್ಟಿದ್ದಾರಾ?"

"ಕೊಟ್ಟಿದ್ರೆ ಇಲ್ಲಿಗೆ ಅವ್ರೇ ನಡ್ಕೊಂಡ್ ಬರ್ತಿರ್ಲಿಲ್ವಾ ಸಾರ್?"

"ಮಾರಿದ್ರಾ?"

"ಏನನ್ನ?"

"ಕಾಲನ್ನ. ಮಾರೋರು ಇದ್ದಾರೆ. ಕೊಳ್ಳೋರೂ ಇದ್ದಾರೆ."

ಅವಳ ಮುಖ ಕೆಂಪಾಯಿತು. "ನೋಡಿ ಸಾರ್, ಈ ತಿಂಗಳ ಕೊನೇ ಒಳಗೆ ಕಾಲು ಹಾಕ್ಕೊಂಡು, ನಡೀತಾರೆ ಅಂತ ಡಾಕ್ಟರ್ ಸರ್ಟಿಫಿಕೇಟ್ ತಂದ್ರೆ ಕೆಲಸ. ಇಲ್ಲಾಂದ್ರೆ ಕೆಲಸಾನೂ ಇಲ್ಲ, ಮಂಡಳಿಯೋರು ಕೊಟ್ಟಿರೋ ಮನೇನೂ ಇಲ್ಲ. ಇಂಥ ಹೊತ್ತಲ್ಲಿ ಕಾಲು ಮಾರ್ಕೊಂಡು ಕೂತ್ಕೊಳ್ಳೋಕೆ ನಮಗೇನು ತಲೆ ಕೆಟ್ಟಿದೆಯಾ?"

ತಲೆ ಕೆಟ್ಟವರು ಎಷ್ಟೋ ಮಂದಿಯನ್ನು ಇನ್‌ಸ್ಪೆಕ್ಟರ್ ನೋಡಿದ್ದ. ಆದರೂ ದೂರು ದೂರೇ. ಕೈಗೆ ಬಾರದ ವಸ್ತು ಕಳವಾಗಲು ಸಾಧ್ಯವಿಲ್ಲವಾದ್ದರಿಂದ ಕಳ್ಳತನ ಎಂದು ಬರೆಯುವಂತಿರಲಿಲ್ಲ. ಸಾರ್ವಜನಿಕ ಹಣದ ಸುಳ್ಳು ಕ್ಲೇಮು ತಡೆ ನಿಯಮಗಳಡಿ, ವಂಚನೆಯ ಕಲಮನ್ನೂ ಸೇರಿಸಿ, ಮಧ್ಯಾಹ್ನ ಹನ್ನೆರಡಕ್ಕೆ ಎಫ್‌ಐಆರ್ ದಾಖಲಾಯಿತು. ಪ್ರತಿ ಕೈಗಿಡುತ್ತಾ ಬರಹಗಾರ, "ಪೊಲೀಸ್ ವರದಿ ಹೋದ್ರೆ ಮಾತ್ರ ಕಚೇರಿಯೋರು ಆ ಸುಳ್ಳು ನಮೂದನ್ನ ಅಳಿಸ್ತಾರಮ್ಮ. ಅಲ್ಲೀತನಕ ನಿಮ್ಮೆಜಮಾನ್ರಿಗೆ ಸರ್ಕಾರದ ಲೆಕ್ಕದಲ್ಲಿ ಎರಡು ಕಾಲಿದೆ" ಅಂದ. ಈ ಸಲ ಯಾರೂ ನಗಲಿಲ್ಲ.

ಆ ಸಂಜೆಯೇ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲನ್ನು ಕರೆದುಕೊಂಡು ಅವರ ಮನೆಗೆ ಹೋದ. ನೀರಿನ ಟ್ಯಾಂಕಿನ ಪಕ್ಕ ಸಾಲಾಗಿ ಕಟ್ಟಿದ ಎರಡು ಕೋಣೆಯ ಮನೆಗಳು. ಹೇಳದೆ ಕೇಳದೆ ಹೋಗಿದ್ದು ಬೇಕೆಂದೇ. ಮಂಚದ ಕೆಳಗೆ, ಅಟ್ಟದ ಮೇಲೆ, ಬಟ್ಟೆಯ ಪೆಟ್ಟಿಗೆಯಲ್ಲಿ, ಬಚ್ಚಲ ಹಂಡೆಯ ಹಿಂದೆ ಎಲ್ಲ ಕಡೆ ಹುಡುಕಿಸಿದ. ಪಕ್ಕದ ಮನೆಯ ಇಬ್ಬರು ಪಂಚರ ಸಹಿಯೂ ಆಯಿತು. ಸಿಕ್ಕಿದ್ದು ಒಂದು ಜೊತೆ ಊರುಗೋಲು, ಮತ್ತೆ ಎಡಗಾಲಿನ ಚಪ್ಪಲಿ ಹೊಸದಾಗಿಯೇ ಉಳಿದ ಮೂರು ಜೊತೆ.

"ಸಮಾಧಾನ ಆಯ್ತಾ ಸಾರ್?" ಅಂದಳು ಹೆಂಡತಿ. "ಸೊಳ್ಳೆ ಪರದೆ ಒಳಗೆ ಒಂದ್ಸಲ ನೋಡ್ಬಿಡಿ, ಅಲ್ಲೇನಾದ್ರೂ ಮಲಗಿಸಿದೀನೇನೋ."

"ಸುಮ್ನಿರೇ," ಎಂದ ಮಂಚದ ಮೇಲೆ ಕೂತಿದ್ದ ಗಂಡ. ಮೆತ್ತಗಿನ ಮನುಷ್ಯ. ದೊಡ್ಡ ಅಂಗೈ, ವಾಲ್ವ್ ತಿರುಗಿಸಿ ತಿರುಗಿಸಿ ಗಟ್ಟಿಯಾದದ್ದು. "ಸಾಹೇಬ್ರು ಅವ್ರ ಕೆಲಸ ಮಾಡ್ಲಿ ಬಿಡು."

ಇನ್‌ಸ್ಪೆಕ್ಟರ್‌ಗೆ ಮೆತ್ತಗಿನವರ ಮೇಲೆ ಅನುಮಾನ ಒಂದು ಕೈ ಹೆಚ್ಚು. ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಹತ್ತಿರ ಬಂದು, "ಕಾಲು ಸ್ವಲ್ಪ ತೋರಿಸಿ ಅಣ್ಣಾ" ಅಂದಳು. ಗಂಡ ಲುಂಗಿ ಸರಿಸಿದ. ಮಂಡಿಯ ಕೆಳಗೆ ಗೇಣುದ್ದ ಉಳಿದಿದ್ದ ಕಾಲಿನ ತುದಿಯ ಚರ್ಮ ಮಗುವಿನ ಕೆನ್ನೆಯ ಹಾಗೆ ಮೆತ್ತಗಿತ್ತು. ಆಕೆ ತನ್ನ ಬೂಟು ಕಳಚಿ ಹಿಮ್ಮಡಿ ತೋರಿಸಿದಳು. "ನೋಡಿ ಸಾರ್, ಇದು ಟ್ರೇನಿಂಗಲ್ಲಿ ಬೂಟು ಕಚ್ಚಿದ ಜಾಗ. ಇವತ್ತಿಗೂ ಕಲ್ಲಿನ ಥರ ಇದೆ. ಇವ್ರು ಒಂದು ವಾರ ಆ ಕಾಲು ಹಾಕ್ಕೊಂಡಿದ್ರೂ ಚರ್ಮ ಹೀಗಿರ್ತಿತ್ತಾ?"

ಇರುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಹೊರಗೆ ಬಂದು ಜೀಪು ಹತ್ತಿದ. ಗಂಡ ಹೆಂಡಿರ ಮೇಲಿನ ಅನುಮಾನವನ್ನು ಕೆಳಗಿಳಿಸಿ, ಖಾಲಿಯಾದ ಜಾಗಕ್ಕೆ ಯಾರನ್ನು ಕೂರಿಸುವುದೆಂದು ಯೋಚಿಸಿದ.

ಸರ್ಕಾರವೇನೂ ಕಣ್ಣುಮುಚ್ಚಿ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಮೊದಲೆಲ್ಲ ಫೋಟೋ ಕೊಟ್ಟರೆ ಸಾಕಿತ್ತು. ಒಂದೇ ಫೋಟೋವನ್ನು ಹತ್ತು ಹೆಸರಿಗೆ ಅಂಟಿಸಿ ದುಡ್ಡು ಹೊಡೆದರು. ಆಮೇಲೆ ಹೊಸ ನಿಯಮ ಬಂತು: ಫಲಾನುಭವಿಯ ಹೆಬ್ಬೆಟ್ಟು ಮೆಷಿನ್‌ನಲ್ಲಿ ತಾಳೆಯಾಗಬೇಕು, ಅವನು ಹೊಸ ಕಾಲು ಹಾಕಿಕೊಂಡು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದು, ಕುರ್ಚಿಯಲ್ಲಿ ಕೂತು, ಎದ್ದು ತೋರಿಸುವ ವಿಡಿಯೋ ಇರಬೇಕು, ಅದನ್ನು ಸರ್ಕಾರಿ ವೈದ್ಯರು ನೋಡಿ ದೃಢೀಕರಿಸಬೇಕು. ಆಗ ಯಾರೋ, ಕಾಲಿಲ್ಲದವರ ಮುಖವನ್ನು ಹೀಗೆ ತೋರಿಸುವುದು ಅವರ ಮಾನ ಕಳೆದ ಹಾಗೆ ಎಂದರು. ಮಾತು ಸರಿಯಾಗಿಯೇ ಇತ್ತು. ಹಾಗಾಗಿ ಸೊಂಟದಿಂದ ಕೆಳಗೆ ಮಾತ್ರ ಚಿತ್ರೀಕರಿಸಬೇಕೆಂದು ತಿದ್ದುಪಡಿಯಾಯಿತು. ಸರ್ಕಾರ ಚಾಪೆ ಕೆಳಗೆ ತೂರಿದರೆ ಕಳ್ಳ ರಂಗೋಲಿ ಕೆಳಗೆ ತೂರುತ್ತಾನೆ ಅನ್ನುವುದು ಸುಮ್ಮನೆ ಅಲ್ಲ.

ಮಂಗಳವಾರ ವಿಡಿಯೋಗಳು ಠಾಣೆಗೆ ಬಂದವು. ಇನ್‌ಸ್ಪೆಕ್ಟರ್ ನೀರು ಬಿಡುವವನನ್ನೂ ಹೆಂಡತಿಯನ್ನೂ ಕರೆಸಿ, ಅವನ ಹೆಸರಿನ ವಿಡಿಯೋ ಹಾಕಿ ತೋರಿಸಿದ. ಪರದೆಯ ಮೇಲೆ ಕಪ್ಪು ಪ್ಯಾಂಟು, ಕಂದು ಬೂಟು ತೊಟ್ಟ ಎರಡು ಕಾಲುಗಳು ಬಿಳಿ ಗೋಡೆಯ ಮುಂದೆ ಸಲೀಸಾಗಿ ನಡೆದು ಹೋದವು, ತಿರುಗಿದವು, ಕುರ್ಚಿಯ ಹತ್ತಿರ ಬಂದವು, ಕೂತವು, ಎದ್ದವು. ಅಷ್ಟೇ.

"ಇದು ನೀವಾ?"

ನೀರು ಬಿಡುವವನು ಪರದೆಯ ಹತ್ತಿರಕ್ಕೆ ಸರಿದು ಕೂತ. "ಇನ್ನೊಂದ್ಸಲ ಹಾಕಿ ಸಾರ್," ಅಂದ. ಹಾಕಿದರು. ಅವನು ಊರುಗೋಲಿನ ಮೇಲೆ ಗದ್ದವೂರಿ, ಕಣ್ಣು ಕೀಳದೆ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಎಷ್ಟು ಚೆನ್ನಾಗಿ ನಡೀತಿದೀನಿ ಅಲ್ವೇನೇ" ಅಂದ.

ಅಷ್ಟೊತ್ತಿನ ತನಕ ಬಾಯಿ ಮುಚ್ಚದ ಹೆಂಡತಿ ಎದ್ದು ವರಾಂಡಕ್ಕೆ ಹೋಗಿಬಿಟ್ಟಳು. ಇನ್‌ಸ್ಪೆಕ್ಟರ್‌ಗೆ ಸಿಟ್ಟು ಬಂತು. ಯಾರ ಮೇಲೆಂದು ಇನ್ನೂ ಗೊತ್ತಿಲ್ಲದ ಸಿಟ್ಟು, ಅದಕ್ಕೇ ಹೆಚ್ಚು ಸುಡುವ ಸಿಟ್ಟು.

ಮೊದಲು ಸಿಕ್ಕಿದವರು ದೃಢೀಕರಿಸಿದ ವೈದ್ಯರು. ಆಸ್ಪತ್ರೆಯ ಕೋಣೆಯಲ್ಲಿ, ಹೊರಗೆ ರೋಗಿಗಳು ಕಾಯುತ್ತಿದ್ದಾಗಲೇ ಪ್ರಶ್ನೆ ನಡೆಯಿತು.

"ಈ ಸಹಿ ನಿಮ್ಮದಾ?"

"ನನ್ನದೇ."

"ಇವರು ನಡೆದಿದ್ದನ್ನ ನೋಡಿದ್ರಾ?"

"ವಿಡಿಯೋ ನೋಡಿದೀನಿ."

"ಮನುಷ್ಯನ್ನ?"

"ನಿಯಮದಲ್ಲಿ ವಿಡಿಯೋ ನೋಡಬೇಕು ಅಂತಿದೆ ಇನ್‌ಸ್ಪೆಕ್ಟ್ರೇ. ಮನುಷ್ಯನ್ನ ನೋಡಬೇಕು ಅಂತ ಎಲ್ಲಿದೆ, ತೋರಿಸಿ."

"ವಿಡಿಯೋ ಯಾರು ಕಳಿಸ್ತಾರೆ?"

"ಕಾರ್ಖಾನೆಯೋರು."

ಬೆಕ್ಕಿನ ಕೈಯಲ್ಲೇ ಹಾಲಿನ ಲೆಕ್ಕ. ಇನ್‌ಸ್ಪೆಕ್ಟರ್ ಎದ್ದ. ವೈದ್ಯರು ದುಡ್ಡು ತಿಂದಿದ್ದಾರೋ, ಬರೀ ಸೋಮಾರಿತನವೋ ಎಂಬುದನ್ನು ಆಮೇಲೆ ನೋಡಿದರಾಯಿತು ಎಂದುಕೊಂಡ.

ಕಾರ್ಖಾನೆ ಊರಾಚೆಯ ಗೋದಾಮುಗಳ ಸಾಲಿನಲ್ಲಿತ್ತು. ಒಳಗೆ ಕಾಲಿಟ್ಟರೆ ಗಾರೆಯ ಧೂಳು, ಕಾದ ಪ್ಲಾಸ್ಟಿಕ್ಕಿನ ವಾಸನೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಗಾರೆಯ ಬಿಳಿ ಅಚ್ಚುಗಳು, ಹೆಸರು, ತಾರೀಖು ಬರೆದು ಕಟ್ಟಿದ ಚೀಟಿ ಸಮೇತ. ಮಾಲೀಕ ಮಾತಿಗೆ ಸಕ್ಕರೆ ಸುರಿಯುವ ಪೈಕಿ. ಟೀ ತರಿಸಿದ, ಫ್ಯಾನು ತಿರುಗಿಸಿದ, ಕುರ್ಚಿಯ ಧೂಳನ್ನು ತಾನೇ ಕರವಸ್ತ್ರದಿಂದ ಒರೆಸಿದ.

"ಆ ಮನುಷ್ಯನಾ? ಪಾಪ. ನಾವೇ ಕೈಯಾರೆ ಕೊಟ್ಟಿದ್ದು ಸಾರ್. ಮಾರ್ಕೊಂಡಿರ್ತಾನೆ. ಬಡತನ ನೋಡಿ, ಏನು ಬೇಕಾದ್ರೂ ಮಾಡಿಸುತ್ತೆ."

"ಅವನ ಅಚ್ಚು ಎಲ್ಲಿ?"

"ಕೆಲಸ ಮುಗಿದ ಮೇಲೆ ಒಡೆದುಹಾಕ್ತೀವಿ. ಇಟ್ಕೊಳ್ಳೋಕೆ ಜಾಗ ಎಲ್ಲಿದೆ?"

"ಈ ಹಲಗೆ ಮೇಲಿರೋವು ಹೋದ ವರ್ಷದ್ದು. ಇವಕ್ಕೆ ಜಾಗ ಇದೆಯಲ್ಲ."

ಮಾಲೀಕ ನಕ್ಕ. ಕಣ್ಣು ನಗಲಿಲ್ಲ.

ಪಕ್ಕದ ಹಜಾರದಲ್ಲಿ ಎರಡು ಉದ್ದ ಕಂಬಿಗಳ ನಡುವೆ ಒಬ್ಬ ಹಣ್ಣು ಮಾರುವ ಹೆಂಗಸು ಹೊಸ ಕಾಲಿನ ಮೇಲೆ ನಡೆಯಲು ಕಲಿಯುತ್ತಿದ್ದಳು. ಕಲಿಸುತ್ತಿದ್ದವನು ನಲವತ್ತೈದರ ಆಸುಪಾಸಿನವನು, ಅಗಲ ಭುಜ, ಇಸ್ತ್ರಿ ಮಾಡಿದ ಪ್ಯಾಂಟು. ಅಲ್ಲಿ ಎಲ್ಲರೂ ಅವನನ್ನು ನಡಿಗೆ ಮೇಷ್ಟ್ರು ಅನ್ನುತ್ತಿದ್ದರು. ಅವನು ಅವಳ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ, ಅವಳ ಕಣ್ಣಲ್ಲೇ ಕಣ್ಣಿಟ್ಟು ಮಾತಾಡುತ್ತಿದ್ದ. "ನೆಲ ನೋಡಬೇಡಕ್ಕಾ. ನೆಲ ಎಲ್ಲೂ ಓಡಿ ಹೋಗಲ್ಲ. ನನ್ನ ನೋಡು. ನಿನ್ನ ಹಣ್ಣಿಗೆ ನಾನು ಚೌಕಾಸಿ ಮಾಡ್ತಿದೀನಿ ಅಂದ್ಕೋ, ಬಯ್ಯೋಕೆ ಮುಂದೆ ಬಾ."

ಆಕೆ ನಕ್ಕು, ನಗುತ್ತಲೇ ಎರಡು ಹೆಜ್ಜೆ ಇಟ್ಟುಬಿಟ್ಟಳು. ಇಟ್ಟದ್ದು ಆಮೇಲೆ ಗೊತ್ತಾಗಿ ಹೆದರಿ ಕಂಬಿ ಹಿಡಿದಳು. ಇನ್‌ಸ್ಪೆಕ್ಟರ್ ಅರ್ಧ ಗಂಟೆ ನಿಂತು ನೋಡಿದ. ತನಿಖೆಗೆಂದೇ ನಿಂತಿದ್ದರೂ ಅವನಿಗೆ ಆ ಮನುಷ್ಯ ಹಿಡಿಸಿದ್ದ, ಅದು ಅಪರೂಪಕ್ಕೆ ಆಗುವಂಥದ್ದು.

"ಇವ್ರಿಗೆಲ್ಲ ನೀವೇ ಕಲಿಸೋದಾ ಮೇಷ್ಟ್ರೇ?"

"ಹೂಂ ಸಾರ್."

"ನೀರು ಬಿಡೋ ಕೆಲಸದವನು ಒಬ್ಬ. ಎಡಗಾಲು. ಅವನಿಗೂ ಕಲಿಸಿದ್ರಾ?"

ಮೇಷ್ಟ್ರು ಹಣ್ಣಿನ ಹೆಂಗಸಿನ ಕಡೆಯೇ ನೋಡುತ್ತಿದ್ದ. "ಬಹಳ ಜನ ಬರ್ತಾರೆ ಸಾರ್," ಅಂದ. "ಎಲ್ಲಾರೂ ನೆನಪಿರಲ್ಲ."

ಠಾಣೆಗೆ ಮರಳಿದ ಮೇಲೆ ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲು ಹಾಕಿಕೊಂಡು, ಆ ಕಾರ್ಖಾನೆ ಕಳಿಸಿದ್ದ ವಿಡಿಯೋಗಳನ್ನು ಒಂದರ ಹಿಂದೆ ಒಂದು ನೋಡತೊಡಗಿದ. ಬೇರೆ ಬೇರೆ ಪ್ಯಾಂಟು, ಬೇರೆ ಬೇರೆ ಬೂಟು, ಕೆಲವದರಲ್ಲಿ ಲುಂಗಿ. ಕೆಲವರು ಎಡವುತ್ತಾ ತಡವುತ್ತಾ ನಡೆದಿದ್ದರು, ನೋಡಿದರೇ ತಿಳಿಯುತ್ತಿತ್ತು, ಅವು ಅಸಲಿ. ಇನ್ನು ಕೆಲವರ ನಡಿಗೆ ನೀರು ಹರಿದ ಹಾಗೆ. ಚೆನ್ನಾಗಿ ನಡೆಯುವುದೇ ಇಲ್ಲಿ ಅನುಮಾನಕ್ಕೆ ಕಾರಣವಾಯಿತಲ್ಲ ಎಂದು ಅವನಿಗೆ ಒಂಥರಾ ನಾಚಿಕೆಯೂ ಆಯಿತು.

ಟೀ ತಂದ ಹೆಡ್ ಕಾನ್‌ಸ್ಟೇಬಲ್ ಅವನ ಹಿಂದೆಯೇ ನಿಂತು ನೋಡುತ್ತಿದ್ದಳು. "ಸಾರ್, ಕೂರೋ ಮುಂಚೆ ಕೈ ಏನ್ಮಾಡುತ್ತೆ ನೋಡಿ."

ಅವನು ಹಿಂದಕ್ಕೆ ಹಾಕಿ ನೋಡಿದ. ಕುರ್ಚಿಯ ಹತ್ತಿರ ಬಂದಾಗ ಎಡಗೈ ಚಿತ್ರದೊಳಗೆ ಇಳಿದು, ಎಡ ತೊಡೆಯ ಹೊರಬದಿಯಲ್ಲಿ ಪ್ಯಾಂಟನ್ನು ಎರಡು ಬೆರಳಲ್ಲಿ ಚಿವುಟಿ ಮೇಲಕ್ಕೆಳೆಯಿತು. ಆಮೇಲೆ ಮನುಷ್ಯ ಕೂತ. ಮುಂದಿನದು ಹಾಕಿದ. ಅದರಲ್ಲೂ ಅದೇ. ಚೆನ್ನಾಗಿ ನಡೆದ ಪ್ರತಿಯೊಬ್ಬನ ಕೈಯೂ ಅದೇ ಜಾಗದಲ್ಲಿ ಇಲ್ಲದ ಏನನ್ನೋ ಹಿಡಿದೆಳೆಯುತ್ತಿತ್ತು.

"ಇಸ್ತ್ರಿ ಕೆಡಬಾರ್ದು ಅಂತ ಪ್ಯಾಂಟು ಎತ್ಕೊಳ್ತಾನೇನೋ," ಅಂದ ಇನ್‌ಸ್ಪೆಕ್ಟರ್.

"ಲುಂಗಿ ಉಟ್ಟಾಗಲೂನಾ ಸಾರ್?"

ಬುಧವಾರ ಬೆಳಿಗ್ಗೆ ಇಬ್ಬರೂ ಅಸಲಿ ಕಾಲು ಸಿಕ್ಕವರ ಮನೆಗಳನ್ನು ಹುಡುಕಿಕೊಂಡು ಹೊರಟರು. ಎರಡನೆಯವನು ಒಬ್ಬ ಮುದಿ ದರ್ಜಿ. ತೊಡೆಯ ನಡುವಿಗೇ ಕಾಲು ಹೋದವನು. ಅಂಗಡಿಯ ಮುಂದೆ ನಿಂತಿದ್ದವನು ಪೊಲೀಸರನ್ನು ಕಂಡು ಒಳಗೆ ಕರೆದು, ತಾನು ಕೂರುವ ಮುಂಚೆ ತೊಡೆಯ ಪಕ್ಕ ಕೈ ಹಾಕಿ ಏನನ್ನೋ ಎಳೆದ. ಟಕ್ ಎಂದು ಸದ್ದಾಯಿತು. ಕಾಲು ಮಡಿಚಿತು.

ಇನ್‌ಸ್ಪೆಕ್ಟರ್ ಕೂತವನು ಮತ್ತೆ ಎದ್ದ. "ಅದೇನು ಮಾಡಿದ್ರಿ ಈಗ?"

"ಲಾಕು ಸಾಹೇಬ್ರೇ. ಮಂಡಿ ಇಲ್ಲದೋರಿಗೆ ಮಂಡೀಗೆ ಲಾಕು ಕೊಡ್ತಾರೆ. ನಿಂತಾಗ ಗಟ್ಟಿ ನಿಂತಿರುತ್ತೆ. ಇದನ್ನ ಎಳೀದೆ ಕೂತ್ರೆ ಕಾಲು ನೆಟ್ಟಗೇ ಇದ್ದು ಹಿಂದಕ್ಕೆ ಬಿದ್ದೇ ಹೋಗ್ತೀನಿ. ಈಗ ಕೈಗೆ ಅಭ್ಯಾಸ ಆಗ್ಬಿಟ್ಟಿದೆ, ಕಾಲು ಬಿಚ್ಚಿಟ್ಟಾಗಲೂ ಎಳೀತೀನಿ. ನಮ್ಮ ಮನೆಯೋಳು ನಗ್ತಾಳೆ."

"ಮಂಡಿ ಇರೋರಿಗೆ? ಮಂಡಿ ಕೆಳಗೆ ಹೋದೋರಿಗೆ?"

"ಅವ್ರಿಗ್ಯಾಕೆ? ಅವ್ರ ಮಂಡಿ ಅವ್ರದ್ದೇ."

ನೀರು ಬಿಡುವವನ ಮಂಡಿ ಅವನದೇ. ಇನ್‌ಸ್ಪೆಕ್ಟರ್ ತನ್ನ ಮೊಬೈಲಿನಲ್ಲಿ ಆ ವಿಡಿಯೋ ತೆಗೆದು ದರ್ಜಿಗೆ ತೋರಿಸಿದ. ದರ್ಜಿ ಕನ್ನಡಕ ಏರಿಸಿ ನೋಡಿ, "ಇದು ಒಳ್ಳೇ ಕಾಲು ಸಾಹೇಬ್ರೇ, ಲಾಕಿನ ಕಾಲಲ್ಲ, ತಾನೇ ಮಡಿಚುತ್ತೆ" ಅಂದ. "ಆದ್ರೆ ಇವ್ನು ಹಿಂದೆ ಬಹಳ ದಿನ ಲಾಕಿನ ಕಾಲು ಹಾಕಿದ್ದೋನು. ಕೈ ಮರೆತಿಲ್ಲ ನೋಡಿ."

"ನಿಮಗೆ ನಡೆಯೋಕೆ ಕಲಿಸಿದ್ದು ಯಾರು?"

"ಇನ್ಯಾರು, ಮೇಷ್ಟ್ರು. ದೇವ್ರಂಥ ಮನುಷ್ಯ. ನನಗೆ ಧೈರ್ಯ ಬಂದಿದ್ದೇ ಅವ್ರದ್ದು ನೋಡಿ."

"ಅವ್ರದ್ದು ಏನು ನೋಡಿ?"

"ಕಾಲು. ಅವ್ರದ್ದೂ ನನ್ನ ಥರಾನೇ ಅಲ್ವಾ? ಮಂಡಿ ಮೇಲಕ್ಕೇ ಹೋಗಿರೋದು."

ಜಗತ್ತನ್ನೆಲ್ಲ ಅನುಮಾನಿಸುವ ಇನ್‌ಸ್ಪೆಕ್ಟರ್, ಅರ್ಧ ಗಂಟೆ ಎದುರಿಗೇ ನಿಂತು ನೋಡಿಯೂ ಆ ಮನುಷ್ಯನಿಗೆ ಒಂದು ಕಾಲಿಲ್ಲ ಅನ್ನುವುದನ್ನು ಕಂಡಿರಲಿಲ್ಲ. ಮೈಯೆಲ್ಲ ಉರಿಯಿತು. ಇಷ್ಟಪಟ್ಟ ತಪ್ಪಿಗೆ ಸರಿಯಾದ ಶಾಸ್ತಿ ಎಂದು ತನ್ನನ್ನೇ ಬೈದುಕೊಂಡ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಎರಡು ಜೀಪು ಕಾರ್ಖಾನೆಯ ಮುಂದೆ ನಿಂತವು. ಹೆಡ್ ಕಾನ್‌ಸ್ಟೇಬಲ್ ಹಿಂಬಾಗಿಲಿಗೆ ಹೋದಳು. ಇನ್‌ಸ್ಪೆಕ್ಟರ್ ಹಜಾರದೊಳಗೆ ಬಂದಾಗ ಹಣ್ಣಿನ ಹೆಂಗಸು ಕಂಬಿಯ ಮಧ್ಯೆ ಇದ್ದಳು, ಕಂಬಿ ಬಿಟ್ಟು. ಮೇಷ್ಟ್ರು ಖಾಕಿಯನ್ನು ನೋಡಿದ, ಆದರೆ ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಸಾರ್, ಈಗ ಮಾತಾಡಿಸಿದ್ರೆ ಬೀಳ್ತಾಳೆ. ಆ ತುದಿ ಮುಟ್ಟಲಿ."

ಓಡಿ ಹೋಗುವ ಉಪಾಯವಿರಬಹುದು ಎಂದು ಇನ್‌ಸ್ಪೆಕ್ಟರ್ ಬಾಗಿಲಿಗೆ ಅಡ್ಡ ನಿಂತ. ನಿಂತ ಮೇಲೆ ತನಗೇ ಅಸಹ್ಯವೆನಿಸಿತು, ಆದರೂ ಕದಲಲಿಲ್ಲ. ಹೆಂಗಸು ಒಂದೊಂದೇ ಹೆಜ್ಜೆ ಇಟ್ಟು ತುದಿ ಮುಟ್ಟಿದಳು. "ಭಲೇ ಅಕ್ಕಾ! ನಾಳೆಯಿಂದ ನಿನ್ನ ತಕ್ಕಡೀನ ನೀನೇ ಹೊತ್ಕೊಂಡ್ ಹೋಗು" ಎಂದ ಮೇಷ್ಟ್ರು. ಆಮೇಲೆ ಬೆವರು ಒರೆಸಿಕೊಂಡು, ಗೋಡೆಯ ಪಕ್ಕದ ಕುರ್ಚಿಯತ್ತ ಬಂದ. ಬಂದು ನಿಂತ. ಎಡಗೈ ಇಳಿಯಿತು, ತೊಡೆಯ ಪಕ್ಕ ಬಟ್ಟೆಯನ್ನು ಚಿವುಟಿ ಎಳೆಯಿತು. ಕೂತ.

ಕೂತ ಮೇಲೆ ಇನ್‌ಸ್ಪೆಕ್ಟರ್‌ನ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದ. ತನ್ನ ಕೈಯನ್ನು ನೋಡಿಕೊಂಡ.

"ಇದೇನಾ ಸಾರ್?"

"ಅದೇ."

"ಎಲ್ಲದ್ರಲ್ಲೂ ಇದೆಯಾ?"

"ಎಲ್ಲದ್ರಲ್ಲೂ."

ಮೇಷ್ಟ್ರು ತಲೆಯಾಡಿಸಿದ. "ಮುಖ ಕಾಣಲ್ಲ ಅಂತ ಹೇಳಿದ್ರು," ಎಂದ. ಅದೇ ಹೊತ್ತಿಗೆ ಹಿಂದುಗಡೆ ಏನೋ ಧಡಾರನೆ ಬಿದ್ದ ಸದ್ದು. ಮಾಲೀಕ ಹಿಂಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಲು ಹೊರಟವನು, ಹೆಡ್ ಕಾನ್‌ಸ್ಟೇಬಲ್ ಅಡ್ಡ ಬಂದದ್ದೇ ಗಾರೆಯ ಮೂಟೆಗಳ ಮೇಲೆ ಉರುಳಿದ್ದ. ಎದ್ದಾಗ ತಲೆಯಿಂದ ಪಾದದವರೆಗೆ ಅವನೇ ಒಂದು ಅಚ್ಚಾಗಿದ್ದ. "ಎಷ್ಟು ಜನಕ್ಕೆ ಕಾಲು ಮಾಡಿದ್ದೀರಿ, ಎರಡಿದ್ದೂ ಓಡೋಕೆ ಬರಲ್ವಲ್ಲ ಸ್ವಾಮಿ" ಎನ್ನುತ್ತಾ ಆಕೆ ಅವನ ರೆಟ್ಟೆ ಹಿಡಿದು ಕರೆತಂದಳು.

ಠಾಣೆಯಲ್ಲಿ ಮಾಲೀಕ ಎಲ್ಲವನ್ನೂ ಮೇಷ್ಟ್ರ ತಲೆಗೆ ಕಟ್ಟಿದ. ಆದರೆ ವೈದ್ಯರಿಗೆ ತಿಂಗಳಿಗಿಷ್ಟು ಎಂದು ಅವನೇ ಕಳಿಸುತ್ತಿದ್ದದ್ದು ಅವನ ಬ್ಯಾಂಕಿನ ಲೆಕ್ಕದಿಂದಲೇ ಹೊರಬಿತ್ತು. ಸಂಜೆಯೊಳಗೆ ವೈದ್ಯರ ಬಂಧನವೂ ಆಯಿತು. ಕಾಲು ಮಾಡದೆ ದುಡ್ಡು ಎತ್ತುವುದು, ಗಲಾಟೆ ಮಾಡಬಲ್ಲವರಿಗೆ ಮಾತ್ರ ಅಸಲಿ ಕಾಲು ಕೊಡುವುದು, ಉಳಿದವರಿಗೆ ಸರದಿ ಎಂದು ಸುಳ್ಳು ಹೇಳುವುದು, ಅವರ ಬದಲು ಮೇಷ್ಟ್ರನ್ನು ನಡೆಸುವುದು. ಇದಿಷ್ಟು ವ್ಯಾಪಾರ.

ಮೇಷ್ಟ್ರು ಠಾಣೆಯ ಮೆಟ್ಟಿಲನ್ನು ತಾನೇ ಹತ್ತಿ ಬಂದಿದ್ದ. ಹೇಳಿಕೆಯನ್ನೂ ಸುತ್ತಿ ಬಳಸದೆ ಕೊಟ್ಟ.

"ಒಂದು ವಿಡಿಯೋಗೆ ಎಷ್ಟು ಕೊಡ್ತಿದ್ದ?"

"ಏನೂ ಇಲ್ಲ ಸಾರ್."

"ಸುಳ್ಳು ಹೇಳಬೇಡಿ ಮೇಷ್ಟ್ರೇ. ಬಿಟ್ಟಿ ಯಾರಾದ್ರೂ ಮಾಡ್ತಾರಾ?"

"ಸಂಬಳ ಬರ್ತಿತ್ತು, ಕಲಿಸೋದಕ್ಕೆ. ಇದಕ್ಕೆ ಬೇರೆ ಏನೂ ಇಲ್ಲ." ಅವನು ತನ್ನ ಬೂಟಿನ ಮೇಲೆ ಕಣ್ಣಿಟ್ಟೇ ಮುಂದುವರಿಸಿದ. "ನಾನು ಬಣ್ಣ ಬಳಿಯೋ ಕೆಲಸದೋನು ಸಾರ್. ಗೋಡೆಗೆ ಕಟ್ಟಿದ್ದ ಸಾರುವೆ ಮುರಿದು ಬಿದ್ದೆ. ಲಾಕಿನ ಕಾಲು ಹಾಕ್ಕೊಂಡು ಆರು ವರ್ಷ ತೆಗೆದೆ. ಕಾಲನ್ನ ಕೋಲಿನ ಥರ ಎಳ್ಕೊಂಡು ಹೋಗೋದು. ನಮ್ಮ ಮನೆ ಮೂರನೇ ಮಹಡೀಲಿದೆ. ಮೆಟ್ಟಿಲ ಹತ್ರ ನಮ್ಮನೆಯೋಳು ಕೆಳಗೆ ಬಂದು ನಿಂತ್ಕೊಂಡು, ನನಗೆ ಭುಜ ಕೊಟ್ಟು ಹತ್ತಿಸ್ಬೇಕು. ದಿನಾ. ಅವಳ ಬೆನ್ನು ಹೋಯ್ತು, ಬಾಯಿ ಬಿಟ್ಟು ಒಂದಿನ ಹೇಳ್ಲಿಲ್ಲ. ಕಾರ್ಖಾನೆಗೆ ಸೇರಿದ ಮೇಲೆ ಯಜಮಾನ್ರು ಈ ಕಾಲು ತರಿಸಿದ್ರು. ಬಂದೋರಿಗೆ ತೋರಿಸೋಕೆ. ಬೆಳಿಗ್ಗೆ ಹಾಕ್ಕೊಳ್ಳೋದು, ಸಂಜೆ ಬಿಚ್ಚಿ ಅವ್ರ ಬೀರುವಲ್ಲಿ ಇಟ್ಟು, ಹಳೇದು ಹಾಕ್ಕೊಂಡು ಮನೆಗೆ ಹೋಗೋದು."

"ಆಮೇಲೆ?"

"ಒಂದಿನ ಕ್ಯಾಮೆರಾ ಮುಂದೆ ನಡಿ ಅಂದ್ರು. ನಡೆದೆ. ಅವತ್ತು ಸಂಜೆ, ಬಿಚ್ಚಬೇಡ, ಹಾಕ್ಕೊಂಡೇ ಹೋಗು ಅಂದ್ರು." ಮೇಷ್ಟ್ರು ತಲೆ ಎತ್ತಿದ. "ಮೂರು ಮಹಡಿ ಸಾರ್. ಅವಳು ಕೆಳಗೆ ಕಾಯ್ತಾ ನಿಂತಿದ್ಲು. ನಾನು ಅವಳ ಮುಂದೆ ಹತ್ತಿದೆ. ಬೇರೆಯೋರ ಹೆಸರಲ್ಲಿ ನಡೆದಿದ್ದು ಅಂತ ಎರಡನೇ ಸಲಕ್ಕೇ ಗೊತ್ತಾಯ್ತು. ಆಗಲ್ಲ ಅಂದೆ. ಸರಿ, ಕಾಲು ಬೀರುವಲ್ಲಿಟ್ಟು ಹೋಗು ಅಂದ್ರು. ಅವತ್ತು ಮೆಟ್ಟಿಲ ಹತ್ರ ಅವಳು ಏನೂ ಕೇಳ್ಲಿಲ್ಲ, ಮೊದಲಿನ ಥರಾನೇ ಭುಜ ಕೊಟ್ಲು. ಮಾರನೇ ದಿನ ನಾನೇ ಹೋಗಿ, ನಡೀತೀನಿ ಅಂದೆ."

ಬರಹಗಾರನ ಪೆನ್ನು ನಿಂತಿತ್ತು. ಇನ್‌ಸ್ಪೆಕ್ಟರ್ "ಬರಿ" ಅಂದ ಮೇಲೆ ಮುಂದುವರಿಯಿತು.

ಶುಕ್ರವಾರ ಜಪ್ತಿ ಪಂಚನಾಮೆ. ಸುಳ್ಳು ಕ್ಲೇಮಿಗೆ ಬಳಸಿದ ವಸ್ತು ಜಪ್ತಿಯಾಗದೆ ವರದಿ ಪೂರ್ತಿಯಾಗುವುದಿಲ್ಲ, ವರದಿ ಹೋಗದೆ ನೀರು ಬಿಡುವವನ ಹೆಸರಿನ ನಮೂದು ಅಳಿಯುವುದಿಲ್ಲ. ತಿಂಗಳು ಮುಗಿಯಲು ಎರಡೇ ವಾರ ಉಳಿದಿತ್ತು. ಕಾಲು ನನ್ನ ಕಂಪನಿಯ ಸ್ವತ್ತು ಎಂದು ಮಾಲೀಕ ಬೇರೆ ಬರೆದುಕೊಟ್ಟಿದ್ದ. ಇನ್‌ಸ್ಪೆಕ್ಟರ್ ನಿಯಮದ ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದ, ಬೇರೆ ದಾರಿ ಹುಡುಕಿ. ಜೀವಮಾನದಲ್ಲಿ ಮೊದಲ ಸಲ ಅವನು ನಿಯಮದಲ್ಲಿ ತೂತು ಇರಲಿ ಎಂದು ಹಾರೈಸಿದ್ದು ಅವತ್ತು. ಇರಲಿಲ್ಲ.

"ಬಿಚ್ಚಬೇಕು ಮೇಷ್ಟ್ರೇ."

"ಗೊತ್ತು ಸಾರ್."

ಅವನೇ ಪಟ್ಟಿ ಸಡಿಲಿಸಿ, ಕಾಲನ್ನು ತೆಗೆದು, ತೋಳಿನಿಂದ ಧೂಳು ಒರೆಸಿ ಮೇಜಿನ ಮೇಲಿಟ್ಟ. ಪಂಚರು ಸಹಿ ಹಾಕಿದರು. ಅರಗು ಕರಗಿಸಿ ಮುದ್ರೆ ಒತ್ತಿದರು. ಅವನ ಹಳೇ ಲಾಕಿನ ಕಾಲು ಬೀಗಮುದ್ರೆ ಬಿದ್ದ ಕಾರ್ಖಾನೆಯ ಬೀರುವಿನಲ್ಲೇ ಉಳಿದಿತ್ತು.

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ನೀರು ಬಿಡುವವನು ಊರುಗೋಲೂರಿ ಬಾಗಿಲಲ್ಲಿ ನಿಂತಿದ್ದ. ಅವನ ಹೆಂಡತಿ ಮಾತು ಮಸೆದುಕೊಂಡೇ ಬಂದಿದ್ದಳು, ಒಂದು ವರ್ಷದ ಸಿಟ್ಟಿತ್ತು. ಬೆಂಚಿನ ಮೇಲೆ ಖಾಲಿ ಪ್ಯಾಂಟಿನ ಕಾಲನ್ನು ಮಡಿಚಿ ಸಿಗಿಸಿಕೊಳ್ಳುತ್ತಿದ್ದ ಮನುಷ್ಯನನ್ನು ಕಂಡು ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಗಂಡನೇ ಮುಂದೆ ಬಂದ.

"ನನ್ನ ಹೆಸರಲ್ಲಿ ನಡೆದಿದ್ದು ನೀವೇನಾ?"

"ನಾನೇ ಅಣ್ಣಾ."

"ನನಗೂ ಹಂಗೆ ನಡೆಯೋಕೆ ಬರುತ್ತಾ?"

ಮೇಷ್ಟ್ರು ಅವನ ಮಂಡಿಯನ್ನು ನೋಡಿದ, ಇಷ್ಟು ವರ್ಷ ಎಲ್ಲರದನ್ನೂ ನೋಡುತ್ತಿದ್ದ ಹಾಗೆಯೇ. "ನಿಮ್ಮ ಮಂಡಿ ನಿಮ್ಮದೇ ಇದೆ. ನನಗಿಂತ ಚೆನ್ನಾಗಿ ಬರುತ್ತೆ. ಮೊದಲ ವಾರ ನೋಯುತ್ತೆ, ಆಗ ಬಿಡಬೇಡಿ. ನೆಲ ನೋಡಬೇಡಿ." ಆಮೇಲೆ ತಲೆ ತಗ್ಗಿಸಿ, "ನನ್ನದು ತಪ್ಪಾಯ್ತು" ಅಂದ.

ಅವನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವಾಗ ಇಬ್ಬರು ಪೇದೆಗಳು ಕುರ್ಚಿ ಸಮೇತ ಎತ್ತಿ ಮೆಟ್ಟಿಲಿಳಿಸಿದರು. ಕೆಳಗೆ ಅವನ ಹೆಂಡತಿ ಕಾಯುತ್ತಾ ನಿಂತಿದ್ದಳು, ಭುಜ ಕೊಡಲು. ಪೊಲೀಸರು ಬೇಡವೆಂದರು.

ಸೋಮವಾರ ನಮೂದು ಅಳಿಯಿತು. ಬೇರೆ ಕಾರ್ಖಾನೆಯವರು ನೀರು ಬಿಡುವವನ ಅಳತೆ ತೆಗೆದುಕೊಂಡರು. ತಿಂಗಳ ಕೊನೆಯ ದಿನ ಅವನು ಸರ್ಟಿಫಿಕೇಟಿನೊಂದಿಗೆ ಮಂಡಳಿಯ ಕಚೇರಿಗೆ ಹೋದ. ನೆಟ್ಟಗೆ ನಡೆಯಲಿಲ್ಲವಂತೆ, ಆದರೆ ನಡೆದ.

ಆರೋಪಪಟ್ಟಿ ಬರೆಯುವಾಗ ಸುಳ್ಳು ಕ್ಲೇಮಿನ ನಿಯಮದಂತೆ ಪ್ರತಿ ಆರೋಪಿಯ ಎದುರಿಗೂ ಅವನು ಪಡೆದ ಲಾಭವನ್ನು ತೋರಿಸಬೇಕಿತ್ತು. ಮಾಲೀಕನ ಎದುರು ಎರಡು ಮನೆ, ಒಂದು ಕಾರು ಬಂದವು. ವೈದ್ಯರ ಎದುರು ಒಂದು ಮೊತ್ತ ಬಂತು. ಮೂರನೇ ಆರೋಪಿಯ ಹತ್ತಿರ ಬರಹಗಾರ ಪೆನ್ನೆತ್ತಿ, "ಇಲ್ಲಿ ಸೊನ್ನೆ ಹಾಕ್ಲಾ ಸಾರ್?" ಎಂದು ಕೇಳಿದ. ಇನ್‌ಸ್ಪೆಕ್ಟರ್ ಕಾಗದವನ್ನು ಈಚೆಗೆಳೆದುಕೊಂಡು, ತನ್ನ ಕೈಯಾರೆ, "ಪ್ರತಿದಿನ ಸಂಜೆ ನಡೆದುಕೊಂಡು ಮನೆಗೆ ಹೋಗುವುದು" ಎಂದು ಬರೆದ. ಪಕ್ಕದಲ್ಲಿ ವಸೂಲಾತಿ ಎಂದಿದ್ದ ಕಡೆ, ಆಗಿದೆ ಎಂದು ಬರೆದು ಸಹಿ ಹಾಕಿದ.